ಬೆಂಕಿ ಹತ್ತದ ಪ್ರೆಶರ್ ವಾಷರ್: ರಿಪೇರಿ ಇಲ್ಲಿವರೆಗೆ ಬಂದಿದೆ

ಕೈಗೆ ಬಂದಾಗ

ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಹಿಂದಿನ ಶೆಡ್ಡಿನಲ್ಲಿ ಬಿದ್ದಿದ್ದ ಬಿಸಿನೀರಿನ ಪ್ರೆಶರ್ ವಾಷರ್, ಅಂದರೆ ನೀರು ಕಾಯಿಸಿ ಜೋರು ಒತ್ತಡದ ಧಾರೆಯಲ್ಲಿ ತೊಳೆಯುವ ಮಷೀನ್, ಗುಜರಿ ಬೆಲೆಗೆ ಸಿಕ್ಕಿದೆ. ಶೇಂಗಾ ಎಣ್ಣೆ ಸೋಸುವ ಫಿಲ್ಟರ್ ಪ್ರೆಸ್ಸಿನ ಪ್ಲೇಟು, ಟ್ಯಾಂಕು, ಮಿಲ್ಲಿನ ನೆಲ ತೊಳೆಯೋಕೆ ತರಿಸಿದ್ದರಂತೆ. ಹಳೇ ಎಣ್ಣೆ ಜಿಡ್ಡು ತಣ್ಣೀರಿಗೆ ಜಪ್ಪಯ್ಯ ಅಂದರೂ ಬಿಡುವುದಿಲ್ಲ. 70 ಡಿಗ್ರಿ ನೀರು ಬಿದ್ದರೆ ಸೋಪು ಕಡಿಮೆ ಹಾಕಿದರೂ ಇಳಿಯುತ್ತದೆ. ನನ್ನ ಲೆಕ್ಕ ಇಷ್ಟೇ: ಸರಿಯಾದರೆ ಭಾವನ ವಾಟರ್ ಸರ್ವಿಸ್‌ಗೆ ಹೋಗುತ್ತದೆ, ಆಗದಿದ್ದರೆ ಮೋಟರ್ ಒಂದೇ ಕೊಟ್ಟ ದುಡ್ಡಿಗೆ ಬಾಳುತ್ತದೆ.

ಮಷೀನಿನ ನೇಮ್ ಪ್ಲೇಟಿನ ಮೇಲೆ ಬರೆದದ್ದು: 5.5 ಎಚ್‌ಪಿ ತ್ರೀ ಫೇಸ್ ಮೋಟರ್, 150 ಬಾರ್ ಒತ್ತಡ, ನಿಮಿಷಕ್ಕೆ 13 ಲೀಟರ್ ನೀರು. ಡೀಸೆಲ್ ಬರ್ನರ್. ಮಿಲ್ಲಿನವರು ಹೇಳಿದ ಕಾಯಿಲೆ ಒಂದೇ, "ಬರ್ನರ್ ಹತ್ತಲ್ಲ, ಹತ್ತಿದರೂ ನಿಲ್ಲಲ್ಲ." ಕವರ್ ಬಿಚ್ಚಿ ನೋಡಿದರೆ ಬರ್ನರ್ ಕಡೆ ಬಹುತೇಕ ಎಲ್ಲವೂ ಹೊಸದು. ಕಿಡಿ ಕೊಡುವ ಇಗ್ನಿಷನ್ ಟ್ರಾನ್ಸ್‌ಫಾರ್ಮರ್ ಹೊಸದು, ಎಲೆಕ್ಟ್ರೋಡ್ ಹೊಸದು, ಡೀಸೆಲ್ ವಾಲ್ವ್ ತೆರೆಯುವ ಸೊಲೆನಾಯ್ಡ್ ಕಾಯಿಲ್ ಹೊಸದು. ಇಷ್ಟೆಲ್ಲ ಬದಲಿಸಿದ ಮೇಲೂ ಕಾಯಿಲೆ ಹಾಗೇ ಇದೆ ಅಂದರೆ ಅದು ಬರ್ನರ್‌ನದ್ದಲ್ಲ ಅನ್ನೋದು ನನ್ನ ಅನುಮಾನ. ಅದಕ್ಕೇ ನೀರಿನ ಕಡೆಯಿಂದ ಶುರು ಮಾಡಿದೆ.

ಈ ಮಷೀನುಗಳಲ್ಲಿ ಬೆಂಕಿಗೆ ಅಪ್ಪಣೆ ಕೊಡುವುದು ನೀರು. ಪಂಪಿನಿಂದ ಹೊರಟ ನೀರು ಫ್ಲೋ ಸ್ವಿಚ್ ದಾಟಿ, ಬರ್ನರ್ ಮೇಲೆ ಸುರುಳಿ ಸುತ್ತಿದ ಕಬ್ಬಿಣದ ಕಾಯಿಲ್‌ನಲ್ಲಿ ಓಡಿ, ಬಿಸಿಯಾಗಿ ಗನ್‌ಗೆ ಬರುತ್ತದೆ. ಫ್ಲೋ ಸ್ವಿಚ್ ಒಳಗೆ ಅಯಸ್ಕಾಂತ ಇರುವ ಸಣ್ಣ ಪಿಸ್ಟನ್ ಇದೆ. ನೀರು ಓಡಿದಾಗ ಅದು ಮೇಲೇಳುತ್ತದೆ, ಅಯಸ್ಕಾಂತ ಹತ್ತಿರ ಬಂದದ್ದಕ್ಕೆ ಹೊರಗಿರುವ ರೀಡ್ ಸ್ವಿಚ್ ಕೂಡುತ್ತದೆ, ಆಮೇಲೇ ಡೀಸೆಲ್ ಸೊಲೆನಾಯ್ಡ್ ತೆರೆಯುತ್ತದೆ. ಗನ್ ಟ್ರಿಗರ್ ಬಿಟ್ಟರೆ ಅನ್‌ಲೋಡರ್ ವಾಲ್ವ್ ನೀರನ್ನು ವಾಪಸ್ ಪಂಪಿನ ಸಕ್ಷನ್‌ಗೇ ತಿರುಗಿಸುತ್ತದೆ, ಕಾಯಿಲ್‌ನಲ್ಲಿ ಹರಿವು ನಿಲ್ಲುತ್ತದೆ, ಬೆಂಕಿ ಆರುತ್ತದೆ. ನೀರು ಓಡದಿದ್ದಾಗಲೂ ಬೆಂಕಿ ಉರಿದರೆ ಕಾಯಿಲ್ ಒಳಗಿನ ನೀರು ಉಗಿಯಾಗುತ್ತದೆ. ಆದ್ದರಿಂದ ಫ್ಲೋ ಸ್ವಿಚ್ಚಿನ ಎರಡು ವೈರ್ ಸೇರಿಸಿ 'ಡೈರೆಕ್ಟ್' ಮಾಡಿ ಓಡಿಸಿ ಅನ್ನುವ ಮೆಕ್ಯಾನಿಕ್ಕು ಸಿಕ್ಕರೆ ಟೀ ಕುಡಿಸಿ ಕಳಿಸಿಬಿಡಿ.

ನಾಝಲ್ ಬಿಚ್ಚಿ ಗೇಜ್ ನೋಡಿದ್ದು

ಮೊದಲು ಬರ್ನರ್ ಸ್ವಿಚ್ ಆಫ್ ಮಾಡಿ ಬರೀ ತಣ್ಣೀರು ಓಡಿಸಿದೆ. ಪಂಪ್ ಹೆಡ್ ಮೇಲಿನ ಗೇಜ್ 150 ಬಾರ್ ತೋರಿಸಿತು. ನೋಡಿದರೆ ಎಲ್ಲ ಸರಿ. ಆದರೆ ಗನ್ ಕೈಯಲ್ಲಿ ಒಂದೇ ಸಮ ಜಗ್ಗುತ್ತಿತ್ತು, ಧಾರೆಗೆ ಆ 150ರ ಖಾರ ಇರಲಿಲ್ಲ. ಗನ್ ಹತ್ತಿರ ಇನ್ನೊಂದು ಗೇಜ್ ಕೂರಿಸಿದರೆ ಅಲ್ಲಿ 110ರ ಆಸುಪಾಸು, ಅದೂ ಮುಳ್ಳು ನಿಲ್ಲದೆ ಕುಣಿಯುತ್ತಿದೆ.

ಗನ್ ಮುಂದಿನ ಉದ್ದ ಪೈಪಿನ (ಲ್ಯಾನ್ಸ್) ತುದಿಯ ನಾಝಲ್ ಬಿಚ್ಚಿ, ಗನ್ ಒತ್ತಿ ಹಿಡಿದು, ನೀರನ್ನು 20 ಲೀಟರಿನ ಪೇಂಟ್ ಬಕೆಟ್‌ಗೆ ಬಿಟ್ಟೆ. ನಿಮಿಷಕ್ಕೆ 13 ಲೀಟರಂತೆ ಬಕೆಟ್ ತುಂಬಲು ಒಂದೂವರೆ ನಿಮಿಷ ಬೇಕು. ಸರಿಯಾಗಿ ಅಷ್ಟೇ ಹಿಡಿಯಿತು. ಪಂಪ್ ಕೊಡುವ ನೀರಿಗೆ ಕೊರತೆ ಇಲ್ಲ. ಆದರೆ ಅದೇ ಹೊತ್ತಿನಲ್ಲಿ ಪಂಪ್ ಗೇಜ್ 45 ಬಾರ್ ತೋರಿಸುತ್ತಿತ್ತು. ತುದಿಯಲ್ಲಿ ನಾಝಲ್ಲೇ ಇಲ್ಲ, ನೀರು ಬೋರ್ ಪೈಪಿನಿಂದ ಬಿದ್ದ ಹಾಗೆ ಬಕೆಟ್‌ಗೆ ಬೀಳುತ್ತಿದೆ. ಗೇಜ್ ಹೆಚ್ಚೆಂದರೆ ಐದಾರು ಬಾರ್ ತೋರಿಸಬೇಕು. ಉಳಿದ ನಲವತ್ತು ಚಿಲ್ಲರೆ ಬಾರ್ ದಾರಿಯಲ್ಲೇ ಖರ್ಚಾಗುತ್ತಿದೆ. ಹೋಸ್ ಪೈಪನ್ನು ಕಾಯಿಲ್ ಬಿಟ್ಟು ನೇರ ಪಂಪಿಗೇ ಸಿಕ್ಕಿಸಿ ನೋಡಿದೆ. ಮುಳ್ಳು ಸೊನ್ನೆಯ ಹತ್ತಿರ ಕೂತಿತು. ಅಲ್ಲಿಗೆ ಕಳ್ಳ ಸಿಕ್ಕ: ಕಾಯಿಲ್ ಒಳಗೆ ಸುಣ್ಣ ಕಟ್ಟಿದೆ.

ಭಾವ ಪಕ್ಕದಲ್ಲಿ ಲಾರಿ ತೊಳೆಸುತ್ತಾ ನೋಡುತ್ತಿದ್ದರು. "ಏನಪ್ಪಾ, ಹತ್ತದೇ ಇರೋದು ಬೆಂಕಿ. ನೀನು ಬಕೆಟ್ ಹಿಡ್ಕಂಡು ಕೂತಿದೀಯ?" ಅಂದರು. "ಬಂದು ಗೇಜ್ ನೋಡಿ ಭಾವ" ಅಂದೆ.

ಸುಣ್ಣಕ್ಕೂ ಬೆಂಕಿಗೂ ಸಂಬಂಧ ಹೀಗೆ. ಕಾಯಿಲ್ ಕಟ್ಟಿಕೊಂಡಷ್ಟೂ ಪಂಪಿನ ಕಡೆ ಒತ್ತಡ ಏರುತ್ತದೆ. 150 ಮುಟ್ಟಿದ ಕೂಡಲೇ ಅನ್‌ಲೋಡರ್ ಬಾಯಿ ತೆರೆದು ನೀರನ್ನು ಹಿಂದಕ್ಕೆ ಬಿಡುತ್ತದೆ. ಒತ್ತಡ ಬೀಳುತ್ತದೆ, ಮುಚ್ಚುತ್ತದೆ, ಮತ್ತೆ ಏರುತ್ತದೆ, ಮತ್ತೆ ತೆರೆಯುತ್ತದೆ. ಗನ್ ಜಗ್ಗುತ್ತಿದ್ದದ್ದು ಇದಕ್ಕೇ. ಅನ್‌ಲೋಡರ್ ತೆರೆದಾಗಲೆಲ್ಲ ಫ್ಲೋ ಸ್ವಿಚ್ಚಿನ ಪಿಸ್ಟನ್ ಕೆಳಗೆ ಬೀಳುತ್ತದೆ, ಸೊಲೆನಾಯ್ಡ್ ಮುಚ್ಚುತ್ತದೆ. ಬೆಂಕಿ ಹತ್ತುವಷ್ಟರಲ್ಲಿ ಡೀಸೆಲ್ ಬಂದ್. ಚಿಮಣಿಯಲ್ಲಿ ಬಿಳಿ ಹೊಗೆ ಮಾತ್ರ ಬರುತ್ತಿತ್ತು ಅಂತ ಮಿಲ್ಲಿನ ಹುಡುಗ ಹೇಳಿದ್ದ. ಬಿಳಿ ಹೊಗೆ ಅಂದರೆ ಉರಿಯದೆ ಆವಿಯಾದ ಡೀಸೆಲ್. ಟ್ರಾನ್ಸ್‌ಫಾರ್ಮರ್ ಬದಲಿಸಿ ಏನು ಬಂತು!

ಫ್ಲೋ ಸ್ವಿಚ್ಚನ್ನೂ ಬಿಚ್ಚಿ ನೋಡಿದೆ. ಪಿಸ್ಟನ್ ಸುತ್ತ ಕೆಂಪು ರಾಡಿ, ಅದರ ಮೇಲೆ ಬಿಳಿ ಪುಡಿ. ಬೆರಳಿನಿಂದ ತಳ್ಳಿದರೆ ಮೇಲೆ ಹೋಗಿ ಒಮ್ಮೊಮ್ಮೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಬೀಳದೆ ನಿಂತರೆ ಇನ್ನೂ ಅಪಾಯ, ನೀರಿಲ್ಲದೆಯೂ ಬೆಂಕಿಗೆ ಅಪ್ಪಣೆ ಸಿಕ್ಕಿಬಿಡುತ್ತದೆ. ತೊಳೆದು, ಸ್ಪ್ರಿಂಗ್ ಬದಲಿಸಿ, ಮಲ್ಟಿಮೀಟರ್ ಕಂಟಿನ್ಯುಟಿಯಲ್ಲಿಟ್ಟು ಪಿಸ್ಟನ್ ಮೇಲೆ ಕೆಳಗೆ ಆಡಿಸಿದೆ. ಮೇಲೆ ಹೋದರೆ ಬೀಪ್, ಕೆಳಗೆ ಬಂದರೆ ಗಪ್‌ಚುಪ್.

ಆಸಿಡ್

ಮಿಲ್ಲಿನ ಬೋರ್ ನೀರನ್ನು ಕಿಟ್‌ನಲ್ಲಿ ನೋಡಿದೆ: ಗಡಸುತನ ಲೀಟರಿಗೆ 700 ಮಿಲಿಗ್ರಾಂ ಹತ್ತಿರ. ಕುಡಿಯುವ ನೀರಿಗೆ ಭಾರತೀಯ ಮಾನಕ 10500 ಹೇಳುವ ಮಿತಿ 200, ಬೇರೆ ನೀರೇ ಇಲ್ಲದಿದ್ದರೆ 600. ಈ ನೀರು ಬಿಸಿಯಾದರೆ ಅದರಲ್ಲಿ ಕರಗಿರುವ ಬೈಕಾರ್ಬೊನೇಟ್ ಸುಣ್ಣವಾಗಿ ಬಿಸಿ ಗೋಡೆಗೇ ಅಂಟುತ್ತದೆ. ಲೆಕ್ಕ ಹಾಕಿ: ದಿನಕ್ಕೆ ಮೂರು ತಾಸು ಓಡಿದರೆ 2,340 ಲೀಟರ್, ಅದರಲ್ಲಿ ಒಂದೂವರೆ ಕಿಲೋಗೂ ಮಿಕ್ಕಿ ಸುಣ್ಣ. ನೂರಕ್ಕೆ ಒಂದು ಪಾಲು ಅಂಟಿದರೂ ದಿನಕ್ಕೆ 16 ಗ್ರಾಂ. ನೂರು ದಿನ ಕೆಲಸ ಮಾಡಿದರೆ ಕಾಯಿಲ್ ಒಳಗೆ ಒಂದೂವರೆ ಕಿಲೋಗೂ ಮಿಕ್ಕಿ.

ಹೈಡ್ರೋಕ್ಲೋರಿಕ್ ಆಸಿಡ್ ಹಾಕಿ ಬಿಡು ಅಂತ ಹೇಳಿದವರು ಬಹಳ ಜನ. ಬಚ್ಚಲು ತೊಳೆಯುವ ಆಸಿಡ್ ಅದೇ, ಅಗ್ಗ, ಸುಣ್ಣವನ್ನೂ ಬೇಗ ತಿನ್ನುತ್ತದೆ. ಜೊತೆಗೆ ಕಬ್ಬಿಣವನ್ನೂ ತಿನ್ನುತ್ತದೆ, ಹೊಗೆಯಾಡುತ್ತದೆ. ನಾನು ತಂದದ್ದು ಸಲ್ಫಾಮಿಕ್ ಆಸಿಡ್ ಪುಡಿ. ಸಕ್ಕರೆ ಹರಳಿನಂತೆ ಇರುತ್ತದೆ, ಸಾಗಿಸಲು ಸುಲಭ, ಅದರಿಂದ ಹುಟ್ಟುವ ಕ್ಯಾಲ್ಸಿಯಂ ಲವಣ ನೀರಿನಲ್ಲಿ ಚೆನ್ನಾಗಿ ಕರಗುತ್ತದೆ. ಹೆಚ್ಚುಕಡಿಮೆ ಎರಡು ಕಿಲೋ ಪುಡಿ ಒಂದು ಕಿಲೋ ಸುಣ್ಣ ಕರಗಿಸುತ್ತದೆ. 15 ಲೀಟರ್ ನೀರಿಗೆ ಮುಕ್ಕಾಲು ಕಿಲೋ ಹಾಕಿದರೆ ಶೇಕಡಾ 5ರ ದ್ರಾವಣ.

ತಿರುಗಿಸಲು ಮಷೀನಿನ ಪಂಪ್ ಬಳಸಲಿಲ್ಲ. ಆಸಿಡ್ ಅದರ ಹಿತ್ತಾಳೆ ಹೆಡ್ಡಿಗೆ, ಸೀಲ್‌ಗೆ ಮುಟ್ಟಬಾರದು. ಕಾಯಿಲ್‌ನ ಎರಡೂ ತುದಿ ಬಿಚ್ಚಿ, ಹಳೇ ಆರ್‌ಒ ಫಿಲ್ಟರಿನ 24 ವೋಲ್ಟ್ ಬೂಸ್ಟರ್ ಪಂಪ್ ಜೋಡಿಸಿದೆ. ಬಕೆಟ್‌ನಿಂದ ಕಾಯಿಲ್‌ಗೆ, ಕಾಯಿಲ್‌ನಿಂದ ವಾಪಸ್ ಬಕೆಟ್‌ಗೆ. ಹರಿವು ಕಡಿಮೆ, ಆದರೆ ಬಿಡದೆ ಓಡುತ್ತದೆ, ಅಷ್ಟು ಸಾಕು. ವಾಪಸ್ ಪೈಪಿನಿಂದ ಮೊದಲು ಬಂದದ್ದು ಬರೀ ನೊರೆ, ಜೊತೆಗೆ ಪುಸ್ ಪುಸ್ ಅಂತ ಕಾರ್ಬನ್ ಡೈಆಕ್ಸೈಡ್. ಅದಕ್ಕೆ ಬಕೆಟ್ ಮುಚ್ಚಬಾರದು, ಬಯಲಲ್ಲೇ ಇಡಬೇಕು. ಸ್ವಲ್ಪ ಹೊತ್ತಿಗೆ ನೀರು ಟೀ ಬಣ್ಣಕ್ಕೆ ತಿರುಗಿತು, ಬಕೆಟ್ ತಳದಲ್ಲಿ ಉಗುರು ಗಾತ್ರದ ಬೂದು ಚಕ್ಕೆಗಳು ಕೂತವು. ಒಂದನ್ನು ಎತ್ತಿ ಮುರಿದು ನೋಡಿದರೆ ಒಳಗೆ ಪದರ ಪದರ, ಕೆಲವು ಬಿಳಿ, ಕೆಲವು ತುಕ್ಕಿನ ಕೆಂಪು. ಮಿಲ್ಲಿನ ಸೀಸನ್ ಒಂದೊಂದಕ್ಕೂ ಒಂದೊಂದು ಪದರ ಇದ್ದೀತು.

ಪಿಎಚ್ ಪಟ್ಟಿ ಅದ್ದಿ ನೋಡುತ್ತಿದ್ದೆ. 4 ದಾಟಿದರೆ ಆ ದ್ರಾವಣ ಸತ್ತ ಹಾಗೆ, ಹೊಸದು ಕಲಸಬೇಕು. ಒಟ್ಟು ಮೂರು ಕಿಲೋ ಹತ್ತಿರ ಪುಡಿ ಹೋಯಿತು. ಕೊನೆಯ ದ್ರಾವಣದಲ್ಲಿ ನೊರೆ ಏಳಲಿಲ್ಲ, ಪಿಎಚ್ ಏರಲೂ ಇಲ್ಲ, ಅಲ್ಲಿಗೆ ನಿಲ್ಲಿಸಿದೆ. ಅಡುಗೆ ಸೋಡಾ ನೀರು ಓಡಿಸಿ, ಆಮೇಲೆ ಸಾದಾ ನೀರು. ಕನ್ನಡಕ, ರಬ್ಬರ್ ಗ್ಲೌಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಹತ್ತಿರದಲ್ಲಿ ಬ್ಲೀಚಿಂಗ್ ಪೌಡರ್ ಡಬ್ಬಿಯೂ ಬೇಡ, ಆಸಿಡ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ.

ಮತ್ತೆ ಜೋಡಿಸಿ, ನಾಝಲ್ ಇಲ್ಲದೆ ಓಡಿಸಿದಾಗ ಗೇಜ್ 8 ಬಾರ್.

ಬೆಂಕಿ ಹಚ್ಚುವ ಮೊದಲು ಒಂದು ಕೆಲಸ ಬಾಕಿ ಇತ್ತು. ಹಳೇ ಕಾಯಿಲ್‌ನಲ್ಲಿ ಸಣ್ಣ ತೂತುಗಳನ್ನು ಸುಣ್ಣವೇ ಮುಚ್ಚಿಕೊಂಡಿರುತ್ತದೆ. ಸುಣ್ಣ ಹೋದ ಮೇಲೆ ತೂತು ಬಾಯಿ ಬಿಡುತ್ತದೆ. ತಣ್ಣೀರಲ್ಲೇ ಪೂರ್ತಿ ಒತ್ತಡ ಕೊಟ್ಟು, ಬರ್ನರ್ ಬಾಯಿಯಿಂದ ಟಾರ್ಚ್ ಬಿಟ್ಟು ನೋಡಿದೆ. ಒಣಗಿದೆ, ಹನಿ ಇಲ್ಲ. ಸೋರುವ ಜಾಗ ಹುಡುಕುವಾಗ ಕೈಯಾಡಿಸುವ ಅಭ್ಯಾಸ ಮಾತ್ರ ಬಿಡಿ. 150 ಬಾರ್‌ನ ಕೂದಲೆಳೆಯಂಥ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಪಂಪ್

ಇಲ್ಲಿ ಹೆಚ್ಚಿನದೇನೂ ಇರಲಿಲ್ಲ. ಮೂರು ಸೆರಾಮಿಕ್ ಪ್ಲಂಜರ್, ಆರು ವಾಲ್ವ್. ಆಯಿಲ್ ಗ್ಲಾಸಿನಲ್ಲಿ ಎಣ್ಣೆ ಮಜ್ಜಿಗೆ ಬಣ್ಣಕ್ಕೆ ತಿರುಗಿತ್ತು, ಅಂದರೆ ನೀರು ಸೇರಿದೆ. ವಾಟರ್ ಸೀಲ್, ಆಯಿಲ್ ಸೀಲ್ ಎರಡೂ ಸೆಟ್ ಬದಲಿಸಿದೆ. ಪ್ಲಂಜರ್ ಮೇಲೆ ಉಗುರು ಎಳೆದು ನೋಡಿದೆ, ಗೀರಿಲ್ಲ, ಬಿರುಕಿಲ್ಲ. ಒಂದು ಡೆಲಿವರಿ ವಾಲ್ವ್ ಸೀಟಿನಲ್ಲಿ ಮರಳ ಕಣ ಕೂತಿತ್ತು, ತೆಗೆದೆ. ಸಕ್ಷನ್ ಫಿಲ್ಟರಿನ ಜಾಲರಿ ಹರಿದಿತ್ತು, ಮರಳು ಬಂದದ್ದು ಅಲ್ಲಿಂದಲೇ. ಹೊಸದು ಹಾಕಿದ್ದೇನೆ.

ಈಗ ಬೆಂಕಿ

ಹತ್ತಿತು. ಮೊದಲ ಸ್ವಿಚ್ಚಿಗೇ ಹತ್ತಿತು, ನಿಂತಿತು. ಆದರೆ ಚಿಮಣಿಯಲ್ಲಿ ಹಳೇ ಲಾರಿಯಂಥ ಕರಿ ಹೊಗೆ. ಗಾಳಿಯ ಶಟರ್ ಪೂರ್ತಿ ತೆರೆದರೂ ಹೊಗೆ ತಿಳಿಯಾಗಲಿಲ್ಲ. ಡೀಸೆಲ್ ಸಿಂಪಡಿಸುವ ಬರ್ನರ್ ನಾಝಲ್ ಬಿಚ್ಚಿ ಅದರ ಮೇಲಿನ ಅಕ್ಷರ ಓದಿದೆ: 1.75. ಇದು ಗಂಟೆಗೆ ಎಷ್ಟು ಅಮೆರಿಕನ್ ಗ್ಯಾಲನ್ ಅನ್ನುವ ಲೆಕ್ಕ, 7 ಬಾರ್ ಒತ್ತಡದಲ್ಲಿ. ಗ್ಯಾಲನ್ ಒಂದಕ್ಕೆ 3.785 ಲೀಟರ್. ಈ ಬರ್ನರಿನ ಡೀಸೆಲ್ ಪಂಪ್ 10 ಬಾರ್ ಕೊಡುತ್ತದೆ, ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ ಸುಮಾರು 1.2 ಪಟ್ಟು. ಅಂದರೆ ತಾಸಿಗೆ 8 ಲೀಟರ್ ಡೀಸೆಲ್!

ಬೇಕಾದದ್ದು ಎಷ್ಟು? ನಿಮಿಷಕ್ಕೆ 13 ಲೀಟರಂತೆ ತಾಸಿಗೆ 780 ಲೀಟರ್ ನೀರು, 50 ಡಿಗ್ರಿ ಏರಬೇಕು. 39,000 ಕಿಲೋಕ್ಯಾಲೊರಿ. ಲೀಟರ್ ಡೀಸೆಲ್‌ನಲ್ಲಿ ಸುಮಾರು 8,500, ಚಿಮಣಿಯಲ್ಲಿ ಹೋಗುವುದನ್ನು ಕಳೆದರೆ 7,200 ಕೈಗೆ ಸಿಗಬಹುದು. ಐದೂವರೆ ಲೀಟರ್ ಸಾಕು. ಅದಕ್ಕೆ ಒಪ್ಪುವ ನಾಝಲ್ 1.25. ಒಳಗೆ ಸುಣ್ಣ ಕಟ್ಟಿ ನೀರು ಬಿಸಿಯಾಗದೆ ಹೋದಾಗ ಯಾರೋ ಬೆಂಕಿ ದೊಡ್ಡದು ಮಾಡಿ ಸರಿಮಾಡಲು ಹೋಗಿದ್ದಾರೆ. ಸುಣ್ಣದ ಪದರ ಕಬ್ಬಿಣಕ್ಕಿಂತ ಹತ್ತಾರು ಪಟ್ಟು ಕಡಿಮೆ ಶಾಖ ದಾಟಿಸುತ್ತದೆ. ಮೇಲೆ ಎಷ್ಟು ಉರಿಸಿದರೂ ಕಾಯಿಲ್ ಹೊರಗೆ ಮಸಿ, ಒಳಗೆ ಇನ್ನಷ್ಟು ಸುಣ್ಣ.

ಮುಚ್ಚಳ ತೆಗೆದು ಮಸಿ ಕೆರೆದಾಗ ಅರ್ಧ ಸಿಮೆಂಟ್ ಬಾಂಡ್ಲಿ ತುಂಬಿತು. ಬೆಂಕಿ ಹತ್ತಿದೆಯೋ ಇಲ್ಲವೋ ಅಂತ ನೋಡುವ ಫೋಟೋಸೆಲ್ ಗಾಜು ಒರೆಸಿದೆ. ಎಲೆಕ್ಟ್ರೋಡ್ ತುದಿಗಳ ನಡುವೆ 4 ಮಿಲಿಮೀಟರ್ ಬಿಟ್ಟೆ. 1.25 ನಾಝಲ್ ಹಾಕಿ, ಗಾಳಿ ಶಟರ್ ಸ್ವಲ್ಪ ಸ್ವಲ್ಪವೇ ಮುಚ್ಚುತ್ತಾ ಹೊಗೆ ಕಾಣಿಸಿಕೊಂಡಲ್ಲಿಂದ ಒಂದು ಗೆರೆ ಹಿಂದಕ್ಕೆ ತಿರುಗಿಸಿ ನಿಲ್ಲಿಸಿದೆ. ಈಗ ಚಿಮಣಿ ಮೇಲೆ ಗಾಳಿ ನಡುಗುವುದು ಮಾತ್ರ ಕಾಣುತ್ತದೆ. ಒಳಗೆ ಹೋಗುವ ನೀರು 27 ಡಿಗ್ರಿ, ಗನ್‌ನಲ್ಲಿ 76. ಗನ್ ಗೇಜ್ 140 ದಾಟಿ ಅಲ್ಲಾಡದೆ ನಿಂತಿದೆ.

ಸದ್ಯದ ಸ್ಥಿತಿ

ಮಷೀನ್ ಭಾವನ ಶೆಡ್ಡಿಗೆ ಹೋಗಿದೆ. ಮೊದಲ ಗಿರಾಕಿ ಎಣ್ಣೆ ಟ್ಯಾಂಕರ್, ಹಿಂದಿನ ವಾಲ್ವಿನ ಸುತ್ತ ವರ್ಷಗಟ್ಟಲೆ ಕೂತ ಜಿಡ್ಡು. ಹುಡುಗ ಮುಂಚೆ ಅದನ್ನು ಡೀಸೆಲ್ ಬಟ್ಟೆಯಲ್ಲಿ ಉಜ್ಜಿ ತೆಗೆಯುತ್ತಿದ್ದ. ಈಗ ಒಂದು ಅಡಿ ದೂರದಿಂದ ಗನ್ ಹಿಡಿದರೆ ಹಾಳೆಯಂತೆ ಬಿಟ್ಟುಕೊಂಡು ಬರುತ್ತದೆ. ಭಾವ ಬಾಯಲ್ಲಿ ಏನೂ ಹೇಳಲಿಲ್ಲ, ಬೋರ್ಡಿನಲ್ಲಿ 'ವಾಟರ್ ಸರ್ವಿಸ್' ಹಿಂದೆ 'ಬಿಸಿ' ಸೇರಿಸಲು ಪೇಂಟರ್‌ಗೆ ಫೋನ್ ಮಾಡಿದರು.

ಶೆಡ್ಡಿನ ಬೋರ್ ನೀರು ಮಿಲ್ಲಿನದಕ್ಕಿಂತ ಕೊಂಚ ವಾಸಿ, ಆದರೂ ಗಡಸೇ. ಉಪ್ಪು ಹಾಕಿ ತೊಳೆಯುವ ರೆಸಿನ್ ಸಾಫ್ಟ್‌ನರ್ ಒಂದನ್ನು ಕೂರಿಸಬೇಕು. ಅಲ್ಲಿವರೆಗೆ ವಾರಕ್ಕೊಮ್ಮೆ ಗನ್ ನಾಝಲ್ ಬಿಚ್ಚಿ ಪಂಪ್ ಗೇಜ್ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ಹುಡುಗನ ಕೆಲಸ. 15 ಬಾರ್ ಮುಟ್ಟಿದರೆ ಮತ್ತೆ ಆಸಿಡ್. ನಿಲ್ಲಿಸುವಾಗಲೂ ಮೊದಲು ಬರ್ನರ್ ಆಫ್, ಗನ್‌ನಲ್ಲಿ ತಣ್ಣೀರು ಬರುವವರೆಗೆ ಓಡಿಸಿ ಆಮೇಲೆ ಮೋಟರ್ ಆಫ್. ಬಿಸಿ ನೀರು ಕಾಯಿಲ್‌ನಲ್ಲೇ ನಿಂತರೆ ಸುಣ್ಣ ಇನ್ನೂ ಬೇಗ ಕೂರುತ್ತದೆ.

ಬಾಕಿ ಇರುವುದು ಹೈ ಲಿಮಿಟ್ ಥರ್ಮೋಸ್ಟ್ಯಾಟ್, ನೀರು ಮಿತಿ ಮೀರಿ ಬಿಸಿಯಾದರೆ ಬರ್ನರ್ ಕಟ್ ಮಾಡುವಂಥದ್ದು. ಹಳೆಯದು ಕುದಿಯುವ ನೀರಲ್ಲಿ ಅದ್ದಿದರೂ ಕಟ್ ಆಗುವುದಿಲ್ಲ. ಸೇಫ್ಟಿ ವಾಲ್ವ್ ಪರೀಕ್ಷೆ ಮಾಡಿದ್ದೇನೆ, ಸರಿಯಾಗಿದೆ, ಆದರೆ ಅದೊಂದನ್ನೇ ನೆಚ್ಚಿ ಕೂರಲು ನನಗೆ ಮನಸ್ಸಿಲ್ಲ. ಹೊಸದಕ್ಕೆ ಬೆಂಗಳೂರಿನ ಅಂಗಡಿಗೆ ಹೇಳಿದ್ದೇನೆ. ಅದು ಬರುವವರೆಗೆ ಬಿಸಿ ಹೆಚ್ಚುಕಡಿಮೆ ಮಾಡುವ ಗುಂಡಿಯನ್ನು 60 ಡಿಗ್ರಿಗೆ ನಿಲ್ಲಿಸಿ ಇನ್ಸುಲೇಷನ್ ಟೇಪ್ ಸುತ್ತಿದ್ದೇನೆ, ಟೇಪ್ ಬಿಚ್ಚಿದರೆ ಫ್ಯೂಸ್ ಕಿತ್ತುಕೊಂಡು ಹೋಗುತ್ತೇನೆ ಅಂತ ಭಾವನಿಗೂ ಹೇಳಿದ್ದಾಗಿದೆ.