ಬಲಗಿವಿಗೆ ಒಗ್ಗಿದ ಹಾಡು

ಹೋದ ವರ್ಷ ಗಣೇಶನ ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ಬೆಳಿಗ್ಗೆ ಬಾಯಿ ಮುಕ್ಕಳಿಸುತ್ತಿದ್ದೆ. ನೀರು ಬಲಗಡೆಯಿಂದ ತಾನಾಗಿ ಸೋರಿತು. ಕನ್ನಡಿ ನೋಡಿಕೊಂಡರೆ ಬಾಯಿ ಎಡಕ್ಕೆ ಸೊಟ್ಟಗಾಗಿದೆ, ಬಲಗಣ್ಣು ಮುಚ್ಚುತ್ತಲೇ ಇಲ್ಲ. ಅತ್ತೆ "ಲಕ್ವ ಹೊಡೆದಿದೆ ಕಣೋ" ಎಂದು ಮಗನನ್ನು ಕೂಗಿ ಅಳಲು ಶುರುಮಾಡಿದರು.

ಆಸ್ಪತ್ರೆಯಲ್ಲಿ ಡಾಕ್ಟರ್ ಮೊದಲು ಹೇಳಿದ್ದು ಹುಬ್ಬು ಏರಿಸಿ ಅಂತ. ಬಲಗಡೆಯ ಹುಬ್ಬು ಅಲ್ಲಾಡಲಿಲ್ಲ. ಅದನ್ನು ನೋಡಿ ಅವರ ಮುಖ ಸ್ವಲ್ಪ ಸಡಿಲವಾಯಿತು. ನನಗೆ ಸಿಟ್ಟೇ ಬಂತು. ಆಮೇಲೆ ಗೊತ್ತಾಯಿತು, ಮೆದುಳಿಗೆ ಸ್ಟ್ರೋಕ್ ಆದರೆ ಸಾಮಾನ್ಯವಾಗಿ ಹಣೆ ಅಲ್ಲಾಡುತ್ತದಂತೆ. ಹಣೆಯೂ ಸೇರಿ ಅರ್ಧ ಮುಖ ಸೋತರೆ ಮುಖದ ನರದ ಮೇಲೆ ಅನುಮಾನ. ನನಗೆ ಆಗಿದ್ದು ಬೆಲ್ಸ್ ಪಾಲ್ಸಿ. 72 ಗಂಟೆಯೊಳಗೆ ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರೆ ಒಳ್ಳೆಯದು ಎಂದು ಅವತ್ತೇ ಕೊಟ್ಟರು. ಕಣ್ಣಿಗೆ ಡ್ರಾಪ್ಸ್, ರಾತ್ರಿ ರೆಪ್ಪೆಗೆ ಟೇಪು.

ಮುಖದ ಕಥೆ ಇಷ್ಟೇ. ಕಿವಿಯದು ಮನೆಗೆ ಬಂದ ಮೇಲೆ ಶುರುವಾಯಿತು.

ಮಧ್ಯಾಹ್ನ ಕುಕ್ಕರ್ ಕೂಗಿತು. ಬಲಗಿವಿಯೊಳಗೆ ಯಾರೋ ತಗಡು ಬಡಿದ ಹಾಗಾಯಿತು. ಅತ್ತೆ ಸ್ಟೀಲ್ ತಟ್ಟೆಗಳನ್ನು ಸ್ಟ್ಯಾಂಡಿಗೆ ಜೋಡಿಸಿದರೆ ನಾನು ಹಾಲ್‌ನಲ್ಲಿ ಕೂತು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಬಸ್ಸಿನ ಹಾರ್ನ್ ಬಿಡಿ, ನನ್ನ ಮಾತೇ ನನಗೆ ಜೋರು. ಸಂಜೆ ಫೋನಿನಲ್ಲಿ ಡಾಕ್ಟರನ್ನು ಕೇಳಿದೆ. ಅವರಿಗೆ ಆಶ್ಚರ್ಯ ಆಗಲಿಲ್ಲ.

ನಡುಗಿವಿಯಲ್ಲಿ ಸ್ಟೇಪೀಸ್ ಅಂತ ಒಂದು ಮೂಳೆ ಇದೆ. ನಮ್ಮ ದೇಹದಲ್ಲೇ ಅತಿ ಚಿಕ್ಕ ಮೂಳೆ, ಸುಮಾರು 3 ಮಿಲಿಮೀಟರ್. ಅದನ್ನು ಹಿಡಿದೆಳೆಯುವ ಸ್ಟೆಪೀಡಿಯಸ್ ಸ್ನಾಯುವೂ ಅಷ್ಟೇ ಪುಟ್ಟದು. ಜೋರು ಸದ್ದು ಬಂದಾಗ ಈ ಸ್ನಾಯು ಬಿಗಿಯಾಗುತ್ತದೆ, ಮೂಳೆ ಕುಣಿಯುವುದು ಕಡಿಮೆಯಾಗುತ್ತದೆ. ನಾವು ಮಾತಾಡುವಾಗಲೂ ಅದೇ ಕೆಲಸ. ಅದಕ್ಕೆ ಅಪ್ಪಣೆ ಕೊಡುವುದು ಮುಖದ ನರದ ಒಂದು ಕವಲು. ನರ ಸೋತಿದೆ, ಬಾಗಿಲು ಕಾಯುವವನಿಲ್ಲ. ಐವತ್ತೆರಡು ವರ್ಷ ಇವನೊಬ್ಬ ಒಳಗಿದ್ದಾನೆ ಅಂತಲೇ ನನಗೆ ಗೊತ್ತಿರಲಿಲ್ಲ.

"ಹತ್ತಿ ತುರುಕಿಕೊಂಡು ಇಡೀ ದಿನ ಕೂರಬೇಡಿ," ಎಂದರು ಡಾಕ್ಟರ್. ಪೂರ್ತಿ ನಿಶ್ಶಬ್ದದಲ್ಲೇ ಇದ್ದರೆ ಮೆದುಳು ತನ್ನ ವಾಲ್ಯೂಮ್ ತಾನೇ ಏರಿಸಿಕೊಳ್ಳುತ್ತದಂತೆ, ಆಮೇಲೆ ಸಣ್ಣ ಸದ್ದೂ ದೊಡ್ಡದಾಗುತ್ತದಂತೆ. ಹಿತವಾದ ಸದ್ದು ಏನಾದರೂ ಮೆತ್ತಗೆ ಇರಲಿ ಎಂದರು.

ಹಿತವಾದ್ದು ಹುಡುಕುವುದೇ ಕಷ್ಟವಾಯಿತು. ಜಾನಕಿಯಮ್ಮನ ಹಾಡು ಹಾಕಿದೆ. ಪಿಟೀಲುಗಳೆಲ್ಲ ಒಟ್ಟಿಗೆ ಎದ್ದಾಗ ತಡೆಯಲಾಗಲಿಲ್ಲ. ಪಿ.ಬಿ. ಶ್ರೀನಿವಾಸ್ ದನಿ ಬೆಣ್ಣೆ. ಆದರೆ ತಬಲಾದ ಪೆಟ್ಟು ಬಿದ್ದಾಗಲೆಲ್ಲ ಕಣ್ಣು ಮುಚ್ಚುತ್ತಿದ್ದೆ. ಮುಚ್ಚುತ್ತಿದ್ದುದು ಒಂದೇ ಕಣ್ಣು, ಅದು ಬೇರೆ ಮಾತು.

ಆಗ ನೆನಪಾಗಿದ್ದು ಅಣ್ಣನ ಕ್ಯಾಸೆಟ್. ನಾವು ಓದುವ ಕಾಲದಲ್ಲಿ ಅವನು ಕಾರ್ಪೆಂಟರ್ಸ್ ಹುಚ್ಚ. ಅಮೆರಿಕದ ಅಣ್ಣ ತಂಗಿ ಅವರು, ರಿಚರ್ಡ್ ಮತ್ತು ಕ್ಯಾರೆನ್ ಕಾರ್ಪೆಂಟರ್. ಆಗ ನನಗೆ ಆ ಹಾಡುಗಳೆಲ್ಲ ನಿದ್ದೆ ಬರಿಸುವ ಹಾಡು. ಮೊಬೈಲಿನಲ್ಲಿ 'ಕ್ಲೋಸ್ ಟು ಯೂ' ಹುಡುಕಿ ಹಾಕಿದೆ. 1970ರ ಹಾಡು, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ನಾಲ್ಕು ವಾರ ಮೊದಲ ಸ್ಥಾನದಲ್ಲಿತ್ತು. ರಾಗ ಬರ್ಟ್ ಬ್ಯಾಕರಾಕ್‌ದು.

ಮೊದಲು ಪಿಯಾನೋ, ಬೆರಳ ತುದಿಯಲ್ಲಿ ನುಡಿಸಿದ ಹಾಗೆ. ಆಮೇಲೆ ಕ್ಯಾರೆನ್, ಹಕ್ಕಿಗಳ ಬಗ್ಗೆ ಒಂದು ಪ್ರಶ್ನೆ ಕೇಳುತ್ತಾ. ಡ್ರಮ್ ಮೆಲ್ಲಗೆ ಸೇರಿಕೊಳ್ಳುತ್ತದೆ. ನಡುವೆ ಟ್ರಂಪೆಟ್ ಇದೆ, ಅದಕ್ಕೆ ಹೆದರಿ ಬೆರಳನ್ನು ಸ್ಟಾಪ್ ಮೇಲೇ ಇಟ್ಟುಕೊಂಡಿದ್ದೆ. ಚುಚ್ಚಲಿಲ್ಲ, ದುಂಡಗೆ ಬಂತು. ಈ ಹಾಡಿನಲ್ಲಿ ಪ್ರತಿಯೊಂದು ವಾದ್ಯವೂ ಚಪ್ಪಲಿ ಹೊರಗೆ ಬಿಟ್ಟು ಬರುತ್ತದೆ.

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಸ್ಟೆಪೀಡಿಯಸ್ ಹೆಚ್ಚಾಗಿ ತಡೆಯುವುದು ದಪ್ಪ ಸದ್ದನ್ನು, ಕೀಚಲು ಸದ್ದನ್ನಲ್ಲ. ಕ್ಯಾರೆನ್ ದನಿ ಹೆಂಗಸರ ದನಿಗೆ ಕೆಳಗಿನದು. ಹಾಗಾದರೆ ಅದು ನನ್ನನ್ನು ಜಾಸ್ತಿ ಕಾಡಬೇಕಿತ್ತು, ಅಲ್ವಾ? ನಾಲ್ಕೈದು ದಿನ ಕೇಳಿದ ಮೇಲೆ ನನಗೆ ತೋಚಿದ್ದು ಇದು. ಆಕೆ ಕೂಗಿ ಹಾಡುವುದಿಲ್ಲ. ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟೇ ಎತ್ತರದ ದನಿ, ಪದ ಮಾತ್ರ ಬಿಡಿಬಿಡಿಯಾಗಿ ಕೇಳುತ್ತದೆ. ಕೂಗಿ ಹಾಡಿದ್ದನ್ನು ವಾಲ್ಯೂಮ್ ಇಳಿಸಿ ಕೇಳಿದರೆ ಪಕ್ಕದ ಮನೆಯ ಜಗಳ ಕೇಳಿದ ಹಾಗಿರುತ್ತದೆ. ಮೆಲ್ಲಗೆ ಹಾಡಿದ್ದನ್ನು ಎಷ್ಟು ಇಳಿಸಿದರೂ ಏನೂ ಕಳೆದುಹೋಗುವುದಿಲ್ಲ. ನನ್ನ ಮೊಬೈಲ್ ವಾಲ್ಯೂಮ್ ಎರಡು ಗೆರೆಯಲ್ಲಿತ್ತು.

ಆದರೆ ಹಾಡಿಗೆ ಒಂದು ಬಾಲ ಇದೆ. ಆಲ್ಬಮ್‌ನ ಹಾಡು ನಾಲ್ಕೂವರೆ ನಿಮಿಷ. ಮುಗಿಯಿತು ಅಂದುಕೊಳ್ಳುತ್ತೇವೆ, ಒಂದು ಕ್ಷಣ ಸುಮ್ಮನಾಗುತ್ತದೆ. ಆಮೇಲೆ "ವಾ..." ಎಂದು ದನಿಗಳ ಗುಂಪೇ ಏಳುತ್ತದೆ. ಅಣ್ಣ ತಂಗಿ ಇಬ್ಬರೇ ತಮ್ಮ ದನಿಗಳನ್ನು ಒಂದರ ಮೇಲೊಂದು ರೆಕಾರ್ಡ್ ಮಾಡಿ ಕಟ್ಟಿದ ಗುಂಪು. ಮೊದಲ ಸಲ ಅಲ್ಲಿ ಬೆಚ್ಚಿ ಮೊಬೈಲ್ ಕೈಬಿಟ್ಟೆ. ಇಷ್ಟು ಹೊತ್ತು ಅಷ್ಟು ಮರ್ಯಾದೆಯಾಗಿದ್ದು ಕೊನೆಗೆ ಹೀಗಾ! ಅವತ್ತಿನಿಂದ ಆ ಸುಮ್ಮನಾಗುವ ಕ್ಷಣ ಬಂದ ಕೂಡಲೇ ನಿಲ್ಲಿಸಿಬಿಡುತ್ತಿದ್ದೆ.

ಗಣೇಶನ ಹಬ್ಬ ಬಂತು. ನಮ್ಮ ಕ್ರಾಸಿನ ಮೂಲೆಯಲ್ಲಿ ಪೆಂಡಾಲು. ಯಜಮಾನರು ಹೋಗಿ ಹುಡುಗರ ಹತ್ತಿರ ಮಾತಾಡಿದರು. "ಆಂಟಿಗೆ ಹುಷಾರಿಲ್ವಾ ಅಂಕಲ್, ಸರಿ ಬಿಡಿ" ಎಂದು ಸ್ಪೀಕರನ್ನು ಆಚೆ ರಸ್ತೆ ಕಡೆಗೆ ತಿರುಗಿಸಿದರು. ವಿಸರ್ಜನೆಯ ದಿನ ಮಾತ್ರ ತಮಟೆ ಮನೆ ಮುಂದೆಯೇ ಹೋಯಿತು. ನಾನು ಹಿಂದಿನ ರೂಮಿನಲ್ಲಿ ದಿಂಬು ಒತ್ತಿಕೊಂಡು ಕೂತಿದ್ದೆ. ಅತ್ತೆ ಜೊತೆಗೆ ಬಂದು ಕೂತರು. ತಟ್ಟೆಗಳ ಮಧ್ಯೆ ಅವರು ಹಳೇ ಬನಿಯನ್ ಬಟ್ಟೆ ಇಟ್ಟು ಜೋಡಿಸಲು ಶುರುಮಾಡಿದ್ದೂ ಆಗಲೇ. ಹೇಳಿ ಮಾಡಿಸಿದ್ದಲ್ಲ.

ನಾಲ್ಕನೇ ವಾರ. ಹುಬ್ಬು ಸ್ವಲ್ಪ ಏಳುತ್ತಿತ್ತು, ಮುಕ್ಕಳಿಸಿದ ನೀರು ಬಾಯಲ್ಲೇ ನಿಲ್ಲುತ್ತಿತ್ತು. ಹಾಡು ಹಾಕಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದೆ. ಅತ್ತೆ ಒಳಗಿನಿಂದ "ಅದೇನೇ ಅದು, ಹೊಸ ಹಾಡಾ?" ಎಂದು ಕೇಳಿದರು. ನೋಡಿದರೆ ಆ "ವಾ..." ಎಲ್ಲ ಮುಗಿದು ಮುಂದಿನ ಹಾಡು ಶುರುವಾಗಿಬಿಟ್ಟಿದೆ. ನನ್ನ ಕೈಯಲ್ಲಿ ನಾರು ಇತ್ತು.