ಬೆಂಕಿ ಬೀಳುವ ಮುಂಚೆಯೇ ಅವರನ್ನು ಕರೆಯಿರಿ

ನಮ್ಮ ಕಟ್ಟಡದ ಸಮಿತಿಯಲ್ಲಿ ಸುರಕ್ಷತೆಯ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ. ಕಾರಣ ನಮ್ಮ ಅತ್ತೆ. ಅವರು ವಾಕರ್ ಹಿಡಿದು ನಡೆಯುತ್ತಾರೆ. ನಮ್ಮ ಮನೆ ಇರುವುದು ಐದನೇ ಮಹಡಿಯಲ್ಲಿ. ಬೆಂಕಿ ಬಿದ್ದಾಗ ಲಿಫ್ಟ್ ಹತ್ತಬಾರದು ಅಂತ ಲಿಫ್ಟಿನ ಪಕ್ಕದಲ್ಲೇ ಬರೆದಿದೆ. ಹಾಗಾದರೆ ಅತ್ತೆ ಇಳಿಯುವುದು ಹೇಗೆ? ಸಮಿತಿಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ. "ಹಾಗೇನೂ ಆಗಲ್ಲ ಬಿಡಿ" ಅಂದರು. ಅದು ಉತ್ತರವಲ್ಲ, ಅಲ್ವಾ? ನಮ್ಮ ಭಾಗದ ಅಗ್ನಿಶಾಮಕ ಠಾಣೆಗೆ ಹೋಗಿ ಕೇಳಿದೆ.

ಬೆಂಕಿ ಆರಿಸುವುದು ಅಗ್ನಿಶಾಮಕ ದಳದವರ ಕೆಲಸದ ಒಂದು ಭಾಗ ಅಷ್ಟೇ. ಲಿಫ್ಟಿನಲ್ಲಿ ಸಿಕ್ಕಿಕೊಂಡವರನ್ನು, ಅಪಘಾತದಲ್ಲಿ ನಜ್ಜುಗುಜ್ಜಾದ ಕಾರಿನೊಳಗೆ ಉಳಿದವರನ್ನು ಹೊರಗೆ ತೆಗೆಯುವವರು ಅವರೇ. ನೆರೆ ಬಂದರೆ ದೋಣಿ ತರುವವರೂ ಅವರೇ. ಇದೆಲ್ಲದರ ಜೊತೆಗೆ ಕಟ್ಟಡ ನೋಡಿ ಸಲಹೆ ಕೊಡುವುದು, ಶಾಲೆ ಕಚೇರಿಗಳಿಗೆ ಹೋಗಿ ಹೇಳಿಕೊಡುವುದು, ಎಲ್ಲರನ್ನೂ ಕೆಳಗಿಳಿಸಿ ಮಾಕ್ ಡ್ರಿಲ್ ಮಾಡಿಸುವುದು ಕೂಡ ಬಹಳಷ್ಟು ನಗರಗಳಲ್ಲಿ ಅಗ್ನಿಶಾಮಕ ದಳದ ಕೆಲಸವೇ. ಕೇಳುವವರು ಕಡಿಮೆ. ನಾನು ಸಮಿತಿಯ ಹೆಸರಿನಲ್ಲಿ ಒಂದು ಪತ್ರ ಕೊಟ್ಟೆ. ದಿನ ಗೊತ್ತುಮಾಡಿಕೊಂಡು ಒಬ್ಬ ಅಧಿಕಾರಿ, ಜೊತೆಗೆ ಇಬ್ಬರು ಸಿಬ್ಬಂದಿ ಬಂದರು.

ಗೋಡೆಗೆ ತೂಗುಹಾಕಿದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್‌ಗಳನ್ನು ಮೊದಲು ನೋಡುತ್ತಾರೆ ಅಂದುಕೊಂಡಿದ್ದೆವು. ಅವರು ಸೀದಾ ಮೆಟ್ಟಿಲಿಗೆ ಹೋದರು. ಪ್ರತಿ ಮಹಡಿಯಲ್ಲೂ ಮೆಟ್ಟಿಲಿಗೆ ಒಂದು ಭಾರದ ಬಾಗಿಲಿದೆ. ಕೈಬಿಟ್ಟರೆ ತಾನಾಗೇ ಮುಚ್ಚಿಕೊಳ್ಳುವಂಥದ್ದು. ಓಡಾಡಲು ಅಡ್ಡಿ ಅಂತ ಎಲ್ಲ ಮಹಡಿಯಲ್ಲೂ ಅದಕ್ಕೆ ಹೂಕುಂಡವೋ ಇಟ್ಟಿಗೆಯೋ ಒತ್ತಿಟ್ಟು ತೆರೆದೇ ಬಿಟ್ಟಿದ್ದರು. ಮೂರನೇ ಮಹಡಿಯಲ್ಲಿ ಅಧಿಕಾರಿ ಕುಂಡವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದರು. ಬಾಗಿಲು ನಿಧಾನವಾಗಿ ಬಂತು, ಚೌಕಟ್ಟಿನ ಹತ್ತಿರ ಬಂದು ನಿಂತುಬಿಟ್ಟಿತು. ಚಿಲಕದ ನಾಲಿಗೆಗೆ ತುಕ್ಕು ಹಿಡಿದಿತ್ತು. ಉಳಿದ ಸಂದಿಯಲ್ಲಿ ಅವರು ಎರಡು ಬೆರಳು ತೂರಿಸಿ ತೋರಿಸಿದರು. "ಹೊಗೆಗೆ ಇಷ್ಟು ಸಾಕು ಮೇಡಂ. ಒಂದು ಸಲ ಮೆಟ್ಟಿಲೊಳಗೆ ಹೊಗೆ ನುಗ್ಗಿದರೆ ಮೇಲಿನವರು ಯಾರೂ ಇಳಿಯೋಕಾಗಲ್ಲ."

ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಇದೇ: ಬಾಗಿಲು. ಬೆಂಕಿಯಲ್ಲಿ ಸಾಯುವವರಲ್ಲಿ ಬಹಳ ಜನರನ್ನು ಕೊಲ್ಲುವುದು ಉರಿಯಲ್ಲ, ಹೊಗೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಅನಿಲ ನಮ್ಮ ರಕ್ತಕ್ಕೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮೆಟ್ಟಿಲ ಬಾಗಿಲುಗಳು ತೆರೆದಿದ್ದರೆ ಆ ಮೆಟ್ಟಿಲೇ ಇಡೀ ಕಟ್ಟಡಕ್ಕೆ ಹೊಗೆ ಕೊಳವೆಯಾಗುತ್ತದೆ. ಮನೆಯೊಳಗೂ ಅಷ್ಟೇ. ಅಮೆರಿಕದಲ್ಲಿ ಸಂಶೋಧಕರು ಪೂರ್ತಿ ಮನೆಗಳಿಗೇ ಬೆಂಕಿ ಹಚ್ಚಿ ಅಳೆದು ನೋಡಿದ್ದಾರೆ. ಬಾಗಿಲು ತೆರೆದ ಕೋಣೆಯಲ್ಲಿ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟಿದಾಗ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದು 40ರ ಆಸುಪಾಸಿನಲ್ಲೇ ಇರಬಲ್ಲದು. ಅದೂ ಮಾಮೂಲಿ ಮರದ ಬಾಗಿಲು. ಅವತ್ತಿನಿಂದ ನಮ್ಮ ಮನೆಯಲ್ಲಿ ಎಲ್ಲರೂ ಕೋಣೆಯ ಬಾಗಿಲು ಮುಚ್ಚಿಯೇ ಮಲಗುತ್ತೇವೆ. ಬೆಂಕಿ ಬಿದ್ದ ಕೋಣೆಯಿಂದ ಓಡುವಾಗಲೂ ಹಿಂದೆ ಬಾಗಿಲು ಎಳೆದುಕೊಂಡೇ ಓಡಬೇಕು.

ಕೆಳಗಿನ ಮಹಡಿಯಲ್ಲಿ ಮೆಟ್ಟಿಲಿನಿಂದ ಹೊರಗೆ ಹೋಗುವ ಗೇಟಿಗೆ ರಾತ್ರಿ ಬೀಗ ಹಾಕುತ್ತಿದ್ದರು. ಕಳ್ಳರ ಭಯ. ಇದರ ಬಗ್ಗೆ ಸಮಿತಿಯಲ್ಲಿ ಜೋರು ಮಾತೇ ಆಯಿತು. ನಾನು ಅವತ್ತು 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಯಲ್ಲಿ ನಡೆದದ್ದನ್ನು ಓದಿ ಹೇಳಿದೆ. ಕೆಲಸಗಾರರು ಸಾಮಾನು ಕದ್ದೊಯ್ಯುತ್ತಾರೆ ಅನ್ನುವ ಅನುಮಾನಕ್ಕೆ ಒಂಬತ್ತನೇ ಮಹಡಿಯ ಒಂದು ಬಾಗಿಲಿಗೆ ಬೀಗ ಹಾಕಿದ್ದರು. ಆ ಬೆಂಕಿಯಲ್ಲಿ ಸತ್ತವರು 146 ಜನ. ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಕಳ್ಳತನವೂ ಆಗಬಾರದು, ಜನರೂ ಸಿಕ್ಕಿಬೀಳಬಾರದು ಅಂದರೆ ದಾರಿ ಇದೆ. ಹೊರಗಿನಿಂದ ತೆರೆಯದ, ಒಳಗಿನಿಂದ ತಳ್ಳಿದರೆ ಕೀಲಿ ಇಲ್ಲದೆ ತೆರೆಯುವ ಅಡ್ಡಪಟ್ಟಿಯ ಬಾಗಿಲು. ಬೀಗ ಹೋಯಿತು, ಆ ಬಾಗಿಲು ಬಂತು.

ಇನ್ನು ಅತ್ತೆಯ ವಿಷಯ. ಅಧಿಕಾರಿ ನಮ್ಮ ಮನೆಗೆ ಬಂದು ನೇರವಾಗಿ ಅವರ ಎದುರಿಗೇ ಕುಳಿತು ಮಾತಾಡಿದರು. ಇದು ನನಗೆ ತುಂಬಾ ಹಿಡಿಸಿತು. "ಅಮ್ಮಾ, ನೀವು ಗೋಡೆ ಹಿಡ್ಕೊಂಡು ಎಷ್ಟು ದೂರ ಹೋಗ್ತೀರಿ?" ಅಂತ ಕೇಳಿದರು. ಅತ್ತೆ ಎದ್ದು ನಡೆದು ತೋರಿಸಿದರು. ಮಲಗುವ ಕೋಣೆಯಿಂದ ಮೆಟ್ಟಿಲ ಬಾಗಿಲವರೆಗೆ ಹೋಗಬಲ್ಲರು, ನಿಧಾನ. ಹಾಗಾದರೆ ಯೋಜನೆ ಎರಡು ಥರ ಅಂದರು. ಬೆಂಕಿ ಬೇರೆ ಮನೆಯಲ್ಲಿದ್ದು, ಹೊರಗಿನ ದಾರಿಯಲ್ಲಿ ಹೊಗೆ ತುಂಬಿದ್ದರೆ ಅತ್ತೆ ಹೊರಗೆ ಬರಲೇಬಾರದು. ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಒದ್ದೆ ಬಟ್ಟೆ ತುರುಕಿ, ಕಿಟಕಿಯಿರುವ ಕೋಣೆಯಲ್ಲಿ ಕೂತು, ಫೋನಿನಲ್ಲಿ ಯಾವ ಮಹಡಿ, ಯಾವ ಬದಿಯ ಕೋಣೆ ಅಂತ ಹೇಳಬೇಕು. ಬೆಂಕಿ ನಮ್ಮ ಮನೆಯಲ್ಲೇ ಇದ್ದರೆ ಮೆಟ್ಟಿಲ ಬಾಗಿಲು ದಾಟಿ ಅದರ ಹಿಂದೆ ನಿಲ್ಲಬೇಕು. ಆ ಬಾಗಿಲು ಸರಿಯಾಗಿ ಮುಚ್ಚಿಕೊಂಡರೆ ಅಲ್ಲಿ ಸ್ವಲ್ಪ ಸಮಯ ಸಿಗುತ್ತದೆ. ಅಲ್ಲಿಂದ ಕೆಳಗಿಳಿಸುವ ಇಬ್ಬರು ಯಾರು ಅಂತ ಇವತ್ತೇ ಹೆಸರು ಗೊತ್ತಿರಬೇಕು. ಹಗಲು ನಾವು ಕೆಲಸಕ್ಕೆ ಹೋಗುವುದರಿಂದ ಪಕ್ಕದ ಮನೆಯ ಅಣ್ಣ ತಮ್ಮಂದಿರು ಒಪ್ಪಿಕೊಂಡರು. ಮೆಟ್ಟಿಲ ಮೇಲೆ ಜಾರಿಸಿಕೊಂಡು ಇಳಿಸುವ ಪಟ್ಟಿ ಕಟ್ಟಿದ ಕುರ್ಚಿಯೂ ಸಿಗುತ್ತದೆ. ನಮ್ಮ ಸಮಿತಿ ಒಂದನ್ನು ತರಿಸಿದೆ. ಮೊದಲು ನನ್ನನ್ನು ಕೂರಿಸಿ ಅಭ್ಯಾಸ ಮಾಡಿದರು. ಆಮೇಲೆ ಅತ್ತೆಯೇ "ನನ್ನನ್ನೂ ಇಳಿಸಿ, ನನಗೂ ಗೊತ್ತಾಗಲಿ" ಅಂದರು. ಅಂಥವರು ನಿಮ್ಮ ಮನೆಯಲ್ಲಿದ್ದರೆ ಠಾಣೆಗೆ ಮುಂಚೆಯೇ ತಿಳಿಸಿಡಿ. ಬರುವಾಗಲೇ ಯಾವ ಕೋಣೆಗೆ ಮೊದಲು ಹೋಗಬೇಕು ಅಂತ ಅವರಿಗೆ ಗೊತ್ತಿದ್ದರೆ ಎಷ್ಟೋ ಸಮಯ ಉಳಿಯುತ್ತದೆ.

ಸಮಯ ನಾವು ಅಂದುಕೊಂಡಿದ್ದಕ್ಕಿಂತ ತೀರಾ ಕಡಿಮೆ. ಕೆಲವು ದಶಕಗಳ ಹಿಂದೆ ಮನೆಗೆ ಬೆಂಕಿ ಬಿದ್ದರೆ ಹೊರಗೆ ಬರಲು ಸುಮಾರು 17 ನಿಮಿಷ ಸಿಗುತ್ತಿತ್ತು, ಈಗ 3-4 ನಿಮಿಷ ಅನ್ನುವುದು ಸಂಶೋಧಕರ ಲೆಕ್ಕ. ಆಗ ಸಾಮಾನೆಲ್ಲ ಮರ, ಹತ್ತಿ. ಈಗ ಸೋಫಾದ ಫೋಮ್, ಪರದೆ, ಪ್ಲಾಸ್ಟಿಕ್ ಎಲ್ಲ ಪೆಟ್ರೋಲಿಯಂನಿಂದ ಬಂದದ್ದು. ಬೇಗ ಉರಿಯುತ್ತದೆ, ಕಪ್ಪು ವಿಷದ ಹೊಗೆ ಬಿಡುತ್ತದೆ. ಮಲಗಿದವರನ್ನು ಹೊಗೆಯ ವಾಸನೆ ಎಬ್ಬಿಸುತ್ತದೆ ಅನ್ನುವ ನಂಬಿಕೆ ಬೇಡ. ಎಬ್ಬಿಸುವುದು ಹೊಗೆ ಅಲಾರಂ. ಚಾವಣಿಗೆ ಒಂದು ಹಾಕಿಸಿ. ತಿಂಗಳಿಗೊಮ್ಮೆ ಬಟನ್ ಒತ್ತಿ ಸದ್ದು ಕೇಳಿ. 10 ವರ್ಷವಾದರೆ ಅಲಾರಂ ಅನ್ನೇ ಬದಲಾಯಿಸಿ.

ಸಿಲಿಂಡರ್ ಬಳಕೆಯನ್ನು ಅಂಗಳದಲ್ಲಿ ಎಲ್ಲರ ಕೈಲೂ ಮಾಡಿಸಿದರು. ಪಿನ್ ಎಳೆಯಿರಿ, ಬೆನ್ನ ಹಿಂದೆ ಹೊರಹೋಗುವ ದಾರಿ ಇರಲಿ, ಜ್ವಾಲೆಯ ತುದಿಗಲ್ಲ ಬುಡಕ್ಕೆ ಹಿಡಿಯಿರಿ, ಅತ್ತಿತ್ತ ಆಡಿಸಿ. ಸಣ್ಣ ಸಿಲಿಂಡರ್ ಖಾಲಿಯಾಗಲು 10-15 ಸೆಕೆಂಡ್ ಸಾಕು. ಅಷ್ಟರಲ್ಲಿ ಆರದಿದ್ದರೆ ಬಿಟ್ಟು ಹೊರಡಿ. ಪುಡಿ ತುಂಬಿದ ಸಿಲಿಂಡರಿನಲ್ಲಿ ಒತ್ತಡ ತೋರಿಸುವ ಮುಳ್ಳು ಹಸಿರಿನಲ್ಲಿರಬೇಕು. ಇಂಗಾಲದ ಡೈಆಕ್ಸೈಡ್ ಇರುವುದಕ್ಕೆ ಮುಳ್ಳೇ ಇರುವುದಿಲ್ಲ, ಅದನ್ನು ತೂಕ ಮಾಡಿಯೇ ನೋಡಬೇಕು.

ಆಮೇಲೆ ಒಂದು ಬಾಣಲೆಯಲ್ಲಿ ಸ್ವಲ್ಪ ಎಣ್ಣೆ ಕಾಯಿಸಿ ಹೊತ್ತಿಸಿದರು. ಎಲ್ಲರನ್ನೂ ದೂರ ನಿಲ್ಲಿಸಿ, ಉದ್ದನೆಯ ಕೋಲಿಗೆ ಕಟ್ಟಿದ ಲೋಟದಿಂದ ಒಂದಿಷ್ಟು ನೀರು ಸುರಿದರು. ಬೆಂಕಿ ಮೊದಲ ಮಹಡಿಯ ಎತ್ತರಕ್ಕೆ ಎದ್ದಿತು. ನೀರು ಎಣ್ಣೆಯ ತಳಕ್ಕೆ ಇಳಿದು ಒಮ್ಮೆಲೇ ಆವಿಯಾಗುತ್ತದೆ. ಆವಿಯಾದ ನೀರು ಸುಮಾರು 1,700 ಪಟ್ಟು ಜಾಗ ಬೇಡುತ್ತದೆ, ಉರಿಯುವ ಎಣ್ಣೆಯನ್ನೂ ಜೊತೆಗೇ ಮೇಲಕ್ಕೆ ಎರಚುತ್ತದೆ. ಎಣ್ಣೆ ಹೊತ್ತಿಕೊಂಡರೆ ಒಲೆ ಆರಿಸಿ, ಲೋಹದ ಮುಚ್ಚಳವನ್ನು ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗುವವರೆಗೂ ತೆಗೆಯಬೇಡಿ. ಬಾಣಲೆ ಎತ್ತಿಕೊಂಡು ಓಡುವುದಂತೂ ಬೇಡವೇ ಬೇಡ. ಕೈ ಸುಟ್ಟರೆ 20 ನಿಮಿಷ ಹರಿಯುವ ತಂಪು ನೀರಿನ ಕೆಳಗೆ ಹಿಡಿಯಿರಿ. ಪೇಸ್ಟ್, ಮಂಜುಗಡ್ಡೆ ಏನೂ ಹಚ್ಚಬೇಡಿ.

ವಿದ್ಯುತ್ ಸ್ಕೂಟರಿನ ಬ್ಯಾಟರಿಯನ್ನು ಮೆಟ್ಟಿಲ ಬುಡದಲ್ಲಿ ಚಾರ್ಜಿಗೆ ಇಡುವವರು ನಮ್ಮಲ್ಲಿ ಇದ್ದರು. ಲಿಥಿಯಂ ಬ್ಯಾಟರಿ ಕೆಟ್ಟು ಹೊತ್ತಿಕೊಂಡರೆ ಆರಿದಂತೆ ಕಂಡು ಮತ್ತೆ ಹೊತ್ತಿಕೊಳ್ಳುತ್ತದೆ. ಇಳಿಯುವ ದಾರಿಯಲ್ಲೇ ಅದು ಉರಿದರೆ ಏನು ಗತಿ? ಈಗ ಅದಕ್ಕೆ ಹೊರಗೆ ಜಾಗ ಮಾಡಿದ್ದೇವೆ.

ಅಧಿಕಾರಿ ಬೇಸರದಿಂದ ಹೇಳಿದ್ದು ಒಂದೇ, ಗಾಡಿ ನಿಲ್ಲಿಸುವ ವಿಷಯ. ಏಣಿಯ ವಾಹನ ಗೇಟಿನೊಳಗೆ ಬಂದರೆ ಸಾಲದು, ಪಕ್ಕದ ಕಾಲುಗಳನ್ನು ಚಾಚಿ ನೆಲಕ್ಕೆ ಊರಬೇಕು. ಆ ಜಾಗದಲ್ಲಿ ಕಾರು ನಿಂತಿದ್ದರೆ ಏಣಿ ಏಳುವುದಿಲ್ಲ. ಹೈಡ್ರಂಟ್ ಅಂದರೆ ಬೆಂಕಿ ಆರಿಸಲು ಪೈಪ್ ಜೋಡಿಸಿ ನೀರು ತೆಗೆಯುವ ನಲ್ಲಿ, ಅದರ ಮುಂದೆ ನಿಲ್ಲಿಸುವುದೂ ಅಷ್ಟೇ ತಪ್ಪು.

ಫೋನ್ ಮಾಡುವವರಿಗೆ ಒಂದು ಮಾತು. ಮೊದಲು ವಿಳಾಸ ಹೇಳಿ. ಮಧ್ಯದಲ್ಲಿ ಕರೆ ಕಟ್ಟಾದರೂ ಅಷ್ಟಾದರೂ ತಲುಪಿರುತ್ತದೆ. ಆಮೇಲೆ ಯಾವ ಮಹಡಿ, ಏನು ಉರಿಯುತ್ತಿದೆ, ಒಳಗೆ ಯಾರಿದ್ದಾರೆ. ಆ ಕಡೆಯವರು ಪ್ರಶ್ನೆ ಕೇಳುತ್ತಿದ್ದರೆ "ಮೊದಲು ಗಾಡಿ ಕಳಿಸಿ" ಅಂತ ರೇಗಬೇಡಿ. ನೀವು ಮಾತಾಡುತ್ತಿರುವಾಗಲೇ ಗಾಡಿ ಹೊರಟಿರಬಹುದು, ನಿಮ್ಮ ಉತ್ತರ ದಾರಿಯಲ್ಲಿರುವವರಿಗೆ ಬೇಕಾಗಿರುತ್ತದೆ. ಅವರು ಇಡಿ ಅನ್ನುವವರೆಗೂ ಫೋನ್ ಇಡಬೇಡಿ. ಒಬ್ಬರನ್ನು ಗೇಟಿನ ಹತ್ತಿರ ನಿಲ್ಲಿಸಿ.

ಕಟ್ಟಡ ನೋಡಲು ಕರೆಯುವುದಾದರೆ ತುರ್ತು ಸಂಖ್ಯೆಗೆ ಮಾಡಬೇಡಿ, ಠಾಣೆಯ ಕಚೇರಿಗೆ ಹೋಗಿ ಅಥವಾ ಅಲ್ಲಿನ ಸಂಖ್ಯೆಗೆ ಮಾಡಿ. ಎಷ್ಟು ಮಹಡಿ, ಎಷ್ಟು ಮನೆ, ಮೆಟ್ಟಿಲು ಎಷ್ಟು ಕಡೆ ಇದೆ ಅಂತ ಬರೆದುಕೊಂಡು ಹೋಗಿ. ನಕ್ಷೆ ಇದ್ದರೆ ಒಂದು ಪ್ರತಿ ಒಯ್ಯಿರಿ. ನಮ್ಮ ಮುಂದಿನ ಡ್ರಿಲ್ ಅನ್ನು ರಾತ್ರಿ ಹೊತ್ತಿನಲ್ಲಿ ಮಾಡಿಸಿ ಅಂತ ಕೇಳಿದ್ದೇನೆ, ಒಪ್ಪಿದ್ದಾರೆ. ಕಾವಲಿನವರಿಗೂ ಅವತ್ತೇ ಹೈಡ್ರಂಟ್ ವಾಲ್ವ್ ತಿರುಗಿಸಲು ಹೇಳಿಕೊಡುತ್ತಾರಂತೆ.