ವಾರ್ಸಾ ಗೆಟ್ಟೋದ ರಬ್ಬಿ

ಇಂದು ಬೆಳಿಗ್ಗೆಯಿಂದ ಪೋಲೆಂಡಿನ ಯಹೂದಿ ಧರ್ಮಗುರು, ರಬ್ಬಿ ಕಲೋನಿಮಸ್ ಕಲ್ಮನ್ ಶಪೀರಾ ಅವರೇ ಮನಸ್ಸಿನಲ್ಲಿದ್ದಾರೆ. 1939ರ ಸೆಪ್ಟೆಂಬರ್‌ನ ಬಾಂಬ್ ದಾಳಿಯಲ್ಲಿ ಒಬ್ಬನೇ ಮಗನನ್ನೂ ಸೊಸೆಯನ್ನೂ ಕಳೆದುಕೊಂಡವರು. ಆದರೂ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ವಾರ್ಸಾ ನಗರದ ಗೆಟ್ಟೋದಲ್ಲಿ 1942ರ ಬೇಸಿಗೆಯವರೆಗೆ ತಮ್ಮ ಜನರಿಗೆ ಪ್ರವಚನ ಮಾಡಿದರು. ದೇವರೂ ತನ್ನ ಒಳಕೋಣೆಯಲ್ಲಿ ಅಳುತ್ತಿದ್ದಾನೆ, ಒಂಟಿಯಾಗಿ ಅತ್ತವನು ಕುಸಿದುಬೀಳಬಹುದು, ಆ ಕೋಣೆ ಹೊಕ್ಕು ದೇವರೊಂದಿಗೆ ಅತ್ತವನಿಗೆ ಮತ್ತೆ ಯಹೂದಿ ಧರ್ಮಗ್ರಂಥವಾದ ತೋರಾ ಓದುವಷ್ಟು ಬಲ ಬರುತ್ತದೆ ಎಂಬುದು ಅವರ ಬೋಧನೆ. ಕಣ್ಣೀರು ಒರೆಸಿಕೊಂಡು ಗಟ್ಟಿಯಾಗು ಎನ್ನುವ ಉಪದೇಶಕ್ಕಿಂತ ಇದು ಎಷ್ಟೋ ಪ್ರಾಮಾಣಿಕ ಎನಿಸುತ್ತದೆ ನನಗೆ. ನಾವು ಅಳುವನ್ನೇ ಸೋಲು ಎಂದುಕೊಂಡು ಬೆಳೆದವರಲ್ಲವೇ!

1943ರಲ್ಲಿ ನಾಜಿಗಳು ಅವರನ್ನು ಕೊಂದರು. ನೆಲದಲ್ಲಿ ಹೂತಿಟ್ಟಿದ್ದ ಅವರ ಪ್ರವಚನಗಳ ಹಸ್ತಪ್ರತಿ 1950ರಲ್ಲಿ ಸಿಕ್ಕಿತು. ಕೊಂದವರಿಗೆ ಆ ಮಾತುಗಳನ್ನು ಅಳಿಸಲಾಗಲಿಲ್ಲ ಎಂಬುದು ನನಗೆ ದೊಡ್ಡ ಸಮಾಧಾನ.